ಮಣ್ಣಿನ ಮೂಲೆಯ ಎತ್ತು

ಗಣಪತಿಗೆ ‘ಬಿ ಪ್ಲಸ್’ ಕೊಡಬಹುದೇ ಎಂದು ಬಿ.ಎಡ್. ಓದುವಾಗ ಯಾರೂ ನನ್ನನ್ನು ಕೇಳಿರಲಿಲ್ಲ. ಕೇಳಿದ್ದರೆ ನಕ್ಕುಬಿಡುತ್ತಿದ್ದೆ. ಹೋದ ವರ್ಷ ಗೌರಿ ಹಬ್ಬದ ರಜೆ ಶುರುವಾಗುವ ಹಿಂದಿನ ದಿನ, ಮಧ್ಯಾಹ್ನ ಎರಡೂವರೆ ಗಂಟೆಗೆ, ನಮ್ಮ ಹೆಡ್‌ಮೇಡಮ್ ಎರಡನೇ ತರಗತಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು, ಕೈಯಲ್ಲಿ ಮೌಲ್ಯಮಾಪನದ ಹಾಳೆ ಹಿಡಿದುಕೊಂಡು ಅದೇ ಪ್ರಶ್ನೆಯನ್ನು ಕೇಳಿದಾಗ ನನಗೆ ನಗು ಬರಲಿಲ್ಲ.

ನಮ್ಮ ಶಾಲೆ ಇರುವುದು ಶ್ರೀಗಂಧದ ಕಾವಲ್ ದಾಟಿ ಹೇರೋಹಳ್ಳಿಗೆ ಹೋಗುವ ಗುಂಡಿ ರಸ್ತೆಯಲ್ಲಿ. ಮೂರು ಮಹಡಿಯ ಬಾಡಿಗೆ ಕಟ್ಟಡ. ಆ ವರ್ಷ ಹೆಡ್‌ಮೇಡಮ್ ಯಾವುದೋ ತರಬೇತಿಗೆ ಹೋಗಿ ಬಂದವರು ಇನ್ನು ಮೇಲೆ ಹಬ್ಬಗಳನ್ನೆಲ್ಲ ‘ಲರ್ನಿಂಗ್ ಸೆಂಟರ್’ ಮಾಡಿಯೇ ಆಚರಿಸಬೇಕೆಂದು ಅಪ್ಪಣೆ ಕೊಡಿಸಿದರು. ತರಗತಿಯ ನಾಲ್ಕು ಮೂಲೆಗೆ ನಾಲ್ಕು ಮೇಜು. ಮೇಜಿಗೊಂದು ಸೂಚನೆಯ ಕಾರ್ಡ್. ಮಕ್ಕಳು ತಾವೇ ಓದಿಕೊಂಡು ಕೆಲಸ ಮಾಡಬೇಕು, ಗಂಟೆ ಹೊಡೆದಾಗ ಮುಂದಿನ ಮೂಲೆಗೆ ಹೋಗಬೇಕು.

“ನೀವು ಬಾಯೇ ಬಿಡಬಾರದು ಮಿಸ್,” ಎಂದರು ನನಗೆ. ಬಾಯಿ ಬಿಡದೆ ನಾನು ಐದು ನಿಮಿಷ ಇರಬಲ್ಲೆನೇ ಎಂದು ನಮ್ಮ ಮನೆಯವರನ್ನು ಕೇಳಿದರೆ ಗೊತ್ತಾಗುತ್ತದೆ.

ಕಾರ್ಡುಗಳನ್ನು ಬರೆದವಳು ನಾನೇ. ಹಬ್ಬಕ್ಕೊಂದು ಸಲ ಲ್ಯಾಮಿನೇಟ್ ಮಾಡಿಸುತ್ತಾ ಕೂರಲಾಗದು, ಎಲ್ಲ ಹಬ್ಬಕ್ಕೂ ಒಂದೇ ಕಾರ್ಡ್ ಆಗುವಂತೆ ಬರೆಯಿರಿ ಎಂದಿದ್ದರು. ಜೂನ್ ತಿಂಗಳ ಒಂದು ಸಂಜೆ ಬೀನ್ಸ್ ಬಿಡಿಸುತ್ತಾ ಬರೆದೆ, ಕೊಟ್ಟೆ, ಮರೆತೆ.

ಆಚರಣೆಯ ದಿನ ಬೆಳಗ್ಗೆ ಮೊದಲ ಮೂಲೆಯಲ್ಲಿ ಹುರಿಗಡಲೆ ಇಟ್ಟು ಕೂಡುವ ಲೆಕ್ಕ ಮಾಡಿಸಿದೆವು. ಹತ್ತಕ್ಕೆ ಐದು ಸೇರಿಸಿದರೆ ನಾಲ್ಕು ಎಂದು ಒಬ್ಬ ಹೇಳಿದ. ನೋಡಿದರೆ ಬಟ್ಟಲಲ್ಲಿ ನಿಜಕ್ಕೂ ನಾಲ್ಕೇ ಇತ್ತು, ಮಿಕ್ಕದ್ದನ್ನು ಅವನ ಬಾಯಿ ಅಗಿಯುತ್ತಿತ್ತು. ಎರಡನೆಯ ಮೂಲೆಯಲ್ಲಿ ಇಪ್ಪತ್ತೊಂದು ಗರಿಕೆಯ ಕಟ್ಟು ಮಾಡಬೇಕಿತ್ತು. ಆ ಗರಿಕೆಯನ್ನು ಮೂವರು ಗಡ್ಡ ಮಾಡಿಕೊಂಡು ಓಡಾಡಿದರು. ಮೂರನೆಯದು ಪತ್ರದ ಮೂಲೆ: ಹಬ್ಬಕ್ಕೆ ಬನ್ನಿ ಎಂದು ಯಾರಿಗಾದರೂ ಪತ್ರ ಬರೆಯಬೇಕು. ಒಬ್ಬಳು ಮನೆಗೆ ಊಟ ತಂದುಕೊಡುವ ಅಣ್ಣನಿಗೆ ಬರೆದಿದ್ದಳು, “ಬೇಗ ಬನ್ನಿ. ಚಟ್ನಿ ಜಾಸ್ತಿ ತನ್ನಿ. ಬೆಲ್ ಮಾಡಬೇಡಿ, ಪಾಪು ಮಲಗಿದೆ.”

ನಾಲ್ಕನೆಯದು ಮಣ್ಣಿನ ಮೂಲೆ. ಮೂವತ್ತೆರಡು ಮಕ್ಕಳು, ಒಂದು ಮೂಟೆ ಜೇಡಿಮಣ್ಣು. ಬಾಯಿ ಬಿಡಬಾರದು ಎಂದಿದ್ದರು ತಾನೇ, ಅದಕ್ಕೆ ನಾನೊಂದು ಉಪಾಯ ಮಾಡಿದೆ. ಹಿಂದಿನ ದಿನವೇ ಮನೆಯಲ್ಲಿ ಮಾದರಿಗೆಂದು ಒಂದು ಗಣಪತಿ ಮಾಡಿ ತಂದು ಮೇಜಿನ ನಡುವೆ ಕೂರಿಸಿದೆ. ಮೇಜಿಗೆ ಮಣ್ಣು ಮೆತ್ತಬಾರದೆಂದು ಸೂಚನೆಯ ಕಾರ್ಡನ್ನೇ ಮಣೆಯ ಹಾಗೆ ಅದರ ಕೆಳಗಿಟ್ಟೆ. ಮಕ್ಕಳು ಒಬ್ಬರ ಹಿಂದೊಬ್ಬರು ಬಂದು ಮಾದರಿಯನ್ನು ನೋಡಿ ನೋಡಿ ಗಣಪತಿ ಮಾಡಿದರು. ಎಷ್ಟು ಸಲೀಸಾಯಿತೆಂದು ನನಗೇ ಹೆಮ್ಮೆಯಾಯಿತು.

ತೊಂದರೆ ಕೊಟ್ಟವಳು ಒಬ್ಬಳೇ. ಬಾಗಲಕೋಟೆ ಕಡೆಯಿಂದ ಜೂನ್‌ನಲ್ಲಿ ಬಂದು ಸೇರಿದ ಏಳು ವರ್ಷದ ಹುಡುಗಿ. ಅಪ್ಪ ಬೈಕಿನಲ್ಲಿ ಪಾರ್ಸೆಲ್ ಹಂಚುತ್ತಾರೆ. ಏನು ಹೇಳಿದರೂ ಕಣ್ಣು ಪಿಳಿಪಿಳಿ ಬಿಟ್ಟು “ಯಾಕ್ರೀ ಮಿಸ್?” ಎನ್ನುತ್ತಾಳೆ. ನನಗೋ ತಾಳ್ಮೆ ಕಡಿಮೆ. ‘ಸೂಚನೆ ಪಾಲಿಸುತ್ತಾಳೆಯೇ?’ ಎಂಬ ಕಾಲಂನಲ್ಲಿ ಆಗಲೇ ಎರಡು ಸಲ ‘ಇಲ್ಲ’ ಎಂದು ಬರೆದಿದ್ದೆ. ಮೂರನೆಯ ಸಲವೂ ಇಲ್ಲವಾದರೆ ಒಂದನೇ ತರಗತಿಗೆ ಇಳಿಸೋಣ ಎಂದಿದ್ದರು ಹೆಡ್‌ಮೇಡಮ್. ಆ ತರಗತಿಯಲ್ಲಿ ಅವಳ ತಮ್ಮನಿದ್ದಾನೆ. ಅವಳ ತಾಯಿ ಗೇಟಿನ ಬಳಿ ನನ್ನ ಕೈ ಹಿಡಿದುಕೊಂಡು, “ತಮ್ಮನ ಬಾಜೂಕ ಕೂಡಿಸಬ್ಯಾಡ್ರೀ ಟೀಚರ್, ಹುಡುಗಿ ಸಾಲೀನ ಬಿಟ್ಟುಬಿಡ್ತಾಳ,” ಎಂದು ಬೇಡಿಕೊಂಡಿದ್ದರು. ಆ ದಿನದ ಮಣ್ಣಿನ ಕೆಲಸವೇ ಮೂರನೆಯ ಪರೀಕ್ಷೆ.

ಅವಳು ಬಂದವಳೇ ನನ್ನ ಮಾದರಿ ಗಣಪತಿಯನ್ನು ಎರಡೂ ಕೈಯಲ್ಲಿ ಎತ್ತಿ, ಅದರ ಕೆಳಗೆ ನೋಡುತ್ತಾ ನಿಂತಳು.

“ಏಯ್, ಮುಟ್ಬೇಡ! ಇಡು ಕೆಳಗೆ!” ಎಂದು ಗದರಿದೆ. ಇಟ್ಟಳು. ಕಾಲು ಗಂಟೆಯಲ್ಲಿ ಒಂದು ಎತ್ತು ಮಾಡಿದಳು.

ಒಳ್ಳೆಯ ಎತ್ತು, ಅದರಲ್ಲಿ ಸುಳ್ಳಿಲ್ಲ. ಡುಬ್ಬ, ಕೊಂಬು, ಬಾಲ ಎಲ್ಲ ಇತ್ತು. ಆದರೆ ಎತ್ತು!

“ಎಲ್ಲಾರೂ ಗಣಪತಿ ಮಾಡ್ತಿದ್ರೆ ನೀನ್ಯಾಕೆ ಎತ್ತು ಮಾಡ್ದೆ?”

“ನಮ್ಮ ಮನ್ಯಾಗ ಮಣ್ಣೆತ್ತಿನ ಅಮಾಸಿಗೆ ಆಯಿ ಇದನ್ನ ಮಾಡ್ತಾಳ್ರೀ. ಪೂಜಿ ಮಾಡ್ತೀವ್ರೀ.”

ಹೆಡ್‌ಮೇಡಮ್ ಬರಲು ಇನ್ನು ಅರ್ಧ ಗಂಟೆಯಿತ್ತು. ಅವಳ ತಾಯಿಯ ಮುಖ ನೆನಪಾಯಿತು. ಆಗ ನಾನು ಮಾಡಿದ್ದನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಹುಡುಗಿ ಕೈ ತೊಳೆಯಲು ಹೋದಾಗ ಒಂದು ಹಿಡಿ ಮಣ್ಣು ತೆಗೆದುಕೊಂಡು ಸೊಂಡಿಲು ಹೊಸೆದು ಆ ಎತ್ತಿನ ಮೂತಿಗೆ ಅಂಟಿಸಿಬಿಟ್ಟೆ. ಕೊಂಬನ್ನು ಗರಿಕೆಯಿಂದ ಮುಚ್ಚಿದೆ. ದೂರದಿಂದ, ಕಣ್ಣು ಕಿರಿದು ಮಾಡಿ ನೋಡಿದರೆ, ಗಣಪತಿ ಬಗ್ಗಿ ಏನನ್ನೋ ಹುಡುಕುತ್ತಿರುವಂತೆ ಕಾಣುತ್ತಿತ್ತು.

ಐದು ನಿಮಿಷದಲ್ಲಿ ಹುಡುಗಿ ಸೊಂಡಿಲನ್ನು ಅಂಗೈಯಲ್ಲಿಟ್ಟುಕೊಂಡು ನನ್ನ ಬಳಿ ಬಂದಳು.

“ಮಿಸ್, ನಿಮ್ದು ನನ್ನ ಎತ್ತಿಗೆ ಹತ್ತಿಕೊಂಡಿತ್ರೀ.”

ಅದನ್ನು ನನ್ನ ಮೇಜಿನ ಮೇಲಿಟ್ಟು ಹೋದಳು.

ಅಷ್ಟರಲ್ಲಿ ಅಜ್ಜಿ ಬಂದರು. ಕಟ್ಟಡದ ಮಾಲೀಕರ ತಾಯಿ, ಹೇರೋಹಳ್ಳಿಯ ಹಳೇ ಒಕ್ಕಲು ಮನೆಯವರು. ಮೊಮ್ಮಗ ನನ್ನ ತರಗತಿಯಲ್ಲೇ ಇದ್ದಾನೆ. ಮಕ್ಕಳು ಗಣಪತಿ ಮಾಡಿದ್ದಾರಂತೆ ಎಂದು ಕೇಳಿ ತಟ್ಟೆಯಲ್ಲಿ ಅರಿಶಿನ, ಕುಂಕುಮ, ಅಕ್ಷತೆ, ಕರ್ಪೂರ ಹಿಡಿದು ಬಂದಿದ್ದರು. “ನೋಡ್ಕೊಂಡು ಹೋಗ್ತೀನಿ ಕಣವ್ವ” ಎಂದವರು, ನಾನು ಪತ್ರದ ಮೂಲೆಯ ಜಗಳ ಬಿಡಿಸಿ ತಿರುಗುವಷ್ಟರಲ್ಲಿ ಸಾಲಾಗಿ ಎಲ್ಲಕ್ಕೂ ಕುಂಕುಮವಿಟ್ಟು ಅಕ್ಷತೆ ಹಾಕಿ ಮಂಗಳಾರತಿ ಎತ್ತಿಬಿಟ್ಟಿದ್ದರು. ಮೂವತ್ತೊಂದು ಗಣಪತಿ, ಒಂದು ಮಾದರಿ ಗಣಪತಿ, ಒಂದು ಎತ್ತು. ಬರುವ ದಾರಿಯಲ್ಲಿ ನನ್ನ ಮೇಜಿನ ಮೇಲಿದ್ದ ಒಂಟಿ ಸೊಂಡಿಲಿಗೂ ಒಂದು ಬೊಟ್ಟು ಕುಂಕುಮ.

ಹೆಡ್‌ಮೇಡಮ್ ಬಂದದ್ದು ಆಗ. ಕರ್ಪೂರದ ವಾಸನೆ ಮೂಗಿಗೆ ಬಡಿದದ್ದೇ ಚಪ್ಪಲಿ ಬಿಟ್ಟರು. ಅವರು ಮಹಾ ಭಕ್ತರು. ಅಂಕದ ಸ್ಟಿಕ್ಕರ್ ಹಿಡಿದ ಕೈ ಗಾಳಿಯಲ್ಲೇ ನಿಂತಿತು.

“ಪೂಜೆ ಆಗೋಗಿದೆಯಲ್ಲ ಮಿಸ್. ಈಗ ಬಿ ಪ್ಲಸ್ ಅಂಟ್ಸೋದು ಹೇಗೆ?”

“ದೇವ್ರಿಗೆ ಮಾರ್ಕ್ಸ್ ಹಾಕ್ತೀರೇನವ್ವಾ?” ಎಂದರು ಅಜ್ಜಿ. “ಮೊದ್ಲು ವಿಸರ್ಜನೆ ಮಾಡ್ಸಿ. ನಾಳೆಯಿಂದ ರಜಾ, ಇವಕ್ಕೆ ನೈವೇದ್ಯ ಯಾರು ಇಡ್ತಾರೆ?”

ಮಾಲೀಕರ ತಾಯಿಗೆ ಎದುರು ಮಾತಾಡುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ. ಮೂರೂವರೆಗೆ ಬಸ್ಸು ಹೊರಡುತ್ತದೆ, ಅಷ್ಟರೊಳಗೆ ಎಲ್ಲವನ್ನೂ ಮುಳುಗಿಸಬೇಕು, ಮುಳುಗುವ ಮೊದಲು ಅಂಕ ಬರೆಯಬೇಕು. ಹೆಡ್‌ಮೇಡಮ್ ಕೈ ಮುಗಿದು, ಕಣ್ಣು ಮುಚ್ಚಿ, ಎಲ್ಲರಿಗೂ ‘ಎ’ ಎಂದರು. ಕಣ್ಣು ಬಿಟ್ಟಾಗ ಎತ್ತು ಕಂಡಿತು.

“ಇದಕ್ಕೂ ಎ ಕೊಡೋಕಾಗಲ್ಲ. ಇದು ಗಣಪತಿ ಅಲ್ವಲ್ಲ. ಸೂಚನೆ ಪಾಲಿಸಿಲ್ಲ. ಬರ್ಕೊಳ್ಳಿ ಮಿಸ್.”

“ಬಸವಣ್ಣ ದೇವ್ರಲ್ವಾ?” ಎಂದರು ಅಜ್ಜಿ. “ಇದೇ ಜಾಗದಲ್ಲಿ ನಮ್ಮ ಕೊಟ್ಟಿಗೆ ಇತ್ತು. ಆ ಬೋರ್ಡ್ ಇದ್ಯಲ್ಲ, ಅಲ್ಲೇ ಎತ್ತಿಗೆ ಹುಲ್ಲು ಹಾಕ್ತಿದ್ದೆ.”

“ದೇವ್ರೇ ಅಜ್ಜಿ, ಇಲ್ಲ ಅಂದೋರ್ಯಾರು? ಆದ್ರೆ ಕಾಲಂ ಇರೋದು ಸೂಚನೆಗೆ.”

ಹುಡುಗಿ ಎತ್ತಿನ ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ನಾನು ಪೆನ್ನು ತೆಗೆದೆ. ಹೌದು, ತೆಗೆದೆ. ‘ಇಲ್ಲ’ದ ‘ಇ’ ಬರೆಯುವಷ್ಟರಲ್ಲಿ ಮಕ್ಕಳು ಜೈಕಾರ ಹಾಕುತ್ತಾ ಮಾದರಿ ಗಣಪತಿಯನ್ನು ಎತ್ತಿದರು. ಕೆಳಗಿದ್ದ ಕಾರ್ಡ್ ಅದರ ಬುಡಕ್ಕೆ ಅಂಟಿಕೊಂಡೇ ಮೇಲೆ ಬಂದು, ಕಳಚಿ ಹೆಡ್‌ಮೇಡಮ್ಮರ ಕಾಲ ಬಳಿ ಬಿತ್ತು. ಅವರು ಎತ್ತಿಕೊಂಡು, ಮಣ್ಣು ಒರೆಸಿ, ಗಟ್ಟಿಯಾಗಿ ಓದಿದರು.

“ನಿಮ್ಮ ಮನೆಯಲ್ಲಿ ಮಣ್ಣಿನಿಂದ ಏನನ್ನು ಮಾಡಿ ಪೂಜಿಸುತ್ತಾರೆ? ಅದನ್ನು ಮಾಡಿ. ಬೇರೆಯವರದನ್ನು ನೋಡಿ ಮಾಡಬೇಡಿ.”

ಹೆಡ್‌ಮೇಡಮ್ ಕಾರ್ಡನ್ನು ನನ್ನ ಕಡೆ ತಿರುಗಿಸಿದರು.

“ಇದನ್ನ ಯಾರು ಬರೆದಿದ್ದು?”

“ನಾನೇ ಮೇಡಮ್.”

“ನಾ ಆವಾಗ್ಲೇ ಓದೀನ್ರೀ,” ಎಂದಳು ಹುಡುಗಿ. “ಗಣಪ್ಪನ್ನ ಎತ್ತಿ ಓದಿದ್ನಲ್ರೀ ಮಿಸ್. ನೀವು ಬೈದ್ರಿ.”

ಹೆಡ್‌ಮೇಡಮ್ ಮೂವತ್ತೊಂದು ಗಣಪತಿಗಳನ್ನೂ ಒಂದೊಂದಾಗಿ, ಆಮೇಲೆ ನನ್ನನ್ನೂ ನೋಡಿದರು. ಬೇರೆಯವರದನ್ನು ನೋಡಿ ಮಾಡಿದವರ ಲೆಕ್ಕ ಅವರ ಮನಸ್ಸಿನಲ್ಲಿ ನಡೆಯುತ್ತಿತ್ತು. ಹಾಳೆಯನ್ನು ನನ್ನ ಕಡೆ ತಳ್ಳಿದರು. ‘ಇ’ ಹೊಡೆದು ‘ಹೌದು’ ಎಂದು ಬರೆದೆ. ಹಿಂದಿನ ಎರಡು ‘ಇಲ್ಲ’ಗಳ ಮೇಲೆ ಕಣ್ಣು ಹೋಯಿತು. ಆ ಎರಡು ದಿನ ನಾನು ಯಾವ ಕಾರ್ಡಿನ ಮೇಲೆ ಏನು ಇಟ್ಟಿದ್ದೆನೋ, ಎಷ್ಟು ನೆನೆದರೂ ನೆನಪಾಗಲಿಲ್ಲ. ಅವೆರಡನ್ನೂ ಹೊಡೆದುಹಾಕಿದೆ. ಹೆಡ್‌ಮೇಡಮ್ ತಡೆಯಲಿಲ್ಲ.

ಅಂಗಳದಲ್ಲಿ ನೀಲಿ ಡ್ರಮ್ಮಿನ ಮುಂದೆ ಸಾಲು ನಿಂತಿತು. ಬಸವಣ್ಣ ಮೊದಲು ಹೋಗಲಿ ಎಂದು ಅಜ್ಜಿ ಹಟ ಹಿಡಿದರು. ಹುಡುಗಿ ಸ್ಟೂಲ್ ಹತ್ತಿ ಎತ್ತನ್ನು ಮೆಲ್ಲಗೆ ನೀರಿಗಿಳಿಸಿದಳು. ಕೊಂಬು ಮುಳುಗುವವರೆಗೂ ಅಜ್ಜಿ ಕೈ ಮುಗಿದೇ ನಿಂತಿದ್ದರು. ಆಮೇಲೆ ಹುಡುಗಿ ಸ್ಟೂಲಿನಿಂದಿಳಿದು ನೆಟ್ಟಗೆ ನನ್ನ ಬಳಿ ಬಂದು ಮುಷ್ಟಿ ಬಿಚ್ಚಿದಳು. ನನ್ನ ಮೇಜಿನಿಂದ ತಂದಿದ್ದ, ಕುಂಕುಮವಿಟ್ಟ ಸೊಂಡಿಲು.

“ಮಿಸ್, ಇದನ್ನ ನೀವು ಬಿಡ್ತೀರೋ, ನಾ ಬಿಡ್ಲ್ಯೋ?”

ನಾನೇ ಸ್ಟೂಲ್ ಹತ್ತಿದೆ.