ಮೂರು ತಂತಿಯ ಕೇಬಲ್

ಕಳೆದ ವಾರ ಶಿವಮೊಗ್ಗದ ಬಸ್ ನಿಲ್ದಾಣದ ಬಳಿ ಮೊಬೈಲ್ ರಿಪೇರಿ ಅಂಗಡಿಯಲ್ಲಿ ನಿಂತಿದ್ದೆ. ಅಂಗಡಿಯವರು ನನ್ನ ಫೋನಿನ ಹೊಟ್ಟೆ ಬಿಚ್ಚಿ ಬೆಸುಗೆ ಹಾಕುತ್ತಿದ್ದರು. ಕಾದ ಸೀಸ, ರಾಳದ ಹೊಗೆ. ಆ ವಾಸನೆ ನನಗೆ ಭದ್ರಾವತಿಯ ಜನ್ನಾಪುರದ ಒಂದು ಮನೆಯದು...

ಅದು ನಮ್ಮ ಪಕ್ಕದ ಮನೆ. ಅಲ್ಲಿದ್ದವರನ್ನು ಚಿಕ್ಕಂದಿನಿಂದ ಮಾವ ಎಂದೇ ಕರೆಯುತ್ತಿದ್ದೆ. ಸಂಬಂಧವೇನೂ ಇರಲಿಲ್ಲ. ಒಂದು ಸಣ್ಣ ಫೌಂಡ್ರಿಯಲ್ಲಿ ಹಾಜರಿ ಬರೆಯುವ ಕಂಪ್ಯೂಟರ್ ಅವರ ಸುಪರ್ದಿಯಲ್ಲಿತ್ತು. ಫೌಂಡ್ರಿ ಮುಚ್ಚಿದಾಗ ಅದನ್ನು ಗುಜರಿ ಗಾಡಿಯಿಂದ ಇಳಿಸಿಕೊಂಡು ಮನೆಗೆ ತಂದರು. ಯಾಕೆಂದು ಕೇಳಿದರೆ, "ಇದ್ರೊಳಗೆ ನಮ್ ಜನ ಇದಾರಪ್ಪ" ಎಂದಿದ್ದರು.

ಆ ಜನರಲ್ಲಿ ಒಬ್ಬರು ಅವರ ಗೆಳೆಯ. ಅಚ್ಚಿನ ಮರಳು ಜರಡಿ ಹಿಡಿಯುತ್ತಿದ್ದ ಗುತ್ತಿಗೆ ಕಾರ್ಮಿಕ. ವರ್ಷಗಟ್ಟಲೆ ಧೂಳು ಕುಡಿದು ಅವರ ಶ್ವಾಸಕೋಶ ಕಲ್ಲಾಗುತ್ತಿತ್ತು. ಕಾಯಿಲೆ ಕೆಲಸದಿಂದಲೇ ಬಂದದ್ದೆಂದು ಸರ್ಕಾರಿ ಕಚೇರಿ ಒಪ್ಪಬೇಕಾದರೆ, ಅವರು ಅಲ್ಲಿ ದುಡಿದಿದ್ದಕ್ಕೆ ದಾಖಲೆ ಬೇಕಿತ್ತು. ಫೌಂಡ್ರಿಯ ಹಾಜರಿ ಪುಸ್ತಕಗಳು ಉಳಿದಿರಲಿಲ್ಲ. ಉಳಿದದ್ದು ಮಾವನ ಕಂಪ್ಯೂಟರಿನೊಳಗಿನ ಹಾಜರಿ ಮಾತ್ರ.

ಅದನ್ನು ಹೊರತೆಗೆಯುವುದು ಸುಲಭವಿರಲಿಲ್ಲ. ಫ್ಲಾಪಿಗಳಿಗೆ ಬೂಷ್ಟು ಹಿಡಿದಿತ್ತು. ಹಿಂಬದಿಯಲ್ಲಿ ಒಂದು ಸೀರಿಯಲ್ ಪೋರ್ಟ್ ಇತ್ತು. ಅಕ್ಷರಗಳನ್ನು ಒಂದರ ಹಿಂದೆ ಒಂದರಂತೆ ತಂತಿಗೆ ಬಿಡುವ ಕಿಂಡಿ. ತಾವೇ ಮಾಡಿದ ಕೇಬಲ್ಲಿನಿಂದ ಮಾವ ಅದಕ್ಕೆ ಬೆಂಕಿಪೊಟ್ಟಣದಷ್ಟು ಚಿಕ್ಕ ವೈಫೈ ಬೋರ್ಡ್ ಜೋಡಿಸಿದರು. ಹಾಜರಿ ಇಂಟರ್ನೆಟ್ ಹಿಡಿದು ಶಿವಮೊಗ್ಗದ ಪತ್ರಿಕಾ ಕಚೇರಿಯ ನನ್ನ ಮೇಜಿಗೆ ಬರಬೇಕು, ನಾನು ಮುದ್ರಿಸಿ ಸಲ್ಲಿಸಬೇಕು. ಜಗುಲಿಯಲ್ಲಿ ಕುಳಿತ ಗೆಳೆಯ ಏದುಸಿರಿನ ನಡುವೆಯೇ ರೇಗಿಸುತ್ತಿದ್ದರು.

"ನಿನ್ ಡಬ್ಬ ಬಾಯಿ ಬಿಡೋದ್ರೊಳಗೆ ನನ್ ಬಾಯಿ ಮುಚ್ಚತ್ತೆ ಕಣೋ ಮಾರಾಯ."

"ನಿನ್ ಬಾಯಿ ಮುಚ್ಚೋ ಹಂಗಿದ್ರೆ ಫೌಂಡ್ರಿ ಇನ್ನೂ ನಡೀತಿತ್ತು" ಎಂದು ಮಾವ.

ಹಾಜರಿ ಬಂತು. ಮಾವ ಫೋನ್ ಮಾಡಿ, "ಸರಿಯಾಗ್ ಬಂದಿದೆಯೇನಪ್ಪಾ?" ಎಂದರು. ಮೊದಲ ಪುಟ ನೋಡಿದೆ, ಕೊನೆಯ ಪುಟ ನೋಡಿದೆ. ಎರಡೂ ಸರಿಯಾಗಿದ್ದವು. ತಿದ್ದಬೇಕಾದ ಸುದ್ದಿಗಳು ಮೇಜಿನ ಮೇಲೆ ಕಾಯುತ್ತಿದ್ದವು. "ಹೂಂ ಮಾವ" ಎಂದೆ. ನಡುವಿನ ಪುಟಗಳನ್ನು ನೋಡಲಿಲ್ಲ.

ಸರ್ಕಾರಿ ಕಚೇರಿಯವರು ನೋಡಿದರು. ನಡುವೆ ಸಾಲುಗಳೇ ಇರಲಿಲ್ಲ. ಕೆಲವೆಡೆ ಒಬ್ಬರ ಅರ್ಧ ಹೆಸರಿಗೆ ಇನ್ನೊಬ್ಬರ ಹಾಜರಿ ಅಂಟಿಕೊಂಡಿತ್ತು. ತಿದ್ದಿದ ದಾಖಲೆಯೆಂಬ ಶಂಕೆ ಬರೆದು ಹಿಂದಿರುಗಿಸಿದರು. ಮುಂದಿನ ವಿಚಾರಣೆ ನಾಲ್ಕು ತಿಂಗಳ ನಂತರ.

ಮಾವ ನನ್ನನ್ನು ಬೈಯಲಿಲ್ಲ. ವೇಗ ಇಳಿಸಿ ಮತ್ತೆ ಕಳಿಸಿದರು. ಈ ಸಲ ನಾನು ಸಾಲು ಎಣಿಸಿದೆ. ನಷ್ಟ ಕಡಿಮೆಯಾಗಿತ್ತು, ನಿಂತಿರಲಿಲ್ಲ. ವೈಫೈ ಒಂದು ಕ್ಷಣ ತಡವರಿಸಿದರೆ ಸಾಕು, ಅಷ್ಟು ಅಕ್ಷರ ಕಳೆದುಹೋಗುತ್ತಿತ್ತು. ಅವರು ಬೋರ್ಡನ್ನು ದೂರಿದರು, ಎರಡು ಬಾರಿ ಬದಲಿಸಿದರು. ಕೇಬಲ್ಲಿನ ಮೇಲೆ ಮಾತ್ರ ಅನುಮಾನ ಬರಲಿಲ್ಲ.

ಮೂರನೆಯ ತಿಂಗಳ ಒಂದು ಭಾನುವಾರ ಹೋದಾಗ ಆ ಕೇಬಲ್ಲಿನ ತುದಿ ಬಿಚ್ಚಿಟ್ಟುಕೊಂಡು ಕುಳಿತಿದ್ದರು. ಫೌಂಡ್ರಿಯಲ್ಲಿ ತಂತಿ ಉಳಿಸಲು ಎಲ್ಲದಕ್ಕೂ ಮೂರೇ ತಂತಿ ಎಳೆಯುವುದು ರೂಢಿಯಂತೆ. ಕಳಿಸಲು, ಪಡೆಯಲು, ಅರ್ಥಿಂಗ್‌ಗೆ. 'ತಡಿ, ಈಗ ಕಳಿಸು' ಎಂದು ಆ ಕಡೆಯಿಂದ ಹೇಳುವ ತಂತಿ ಇರಲಿಲ್ಲ. ಕಂಪ್ಯೂಟರ್ ಅದಕ್ಕಾಗಿ ಕಾಯದಿರಲೆಂದು 'ಕಳಿಸಲೇ?' ಎಂದು ಅದು ಕೇಳುವ ಪಿನ್ನನ್ನು 'ಕಳಿಸು' ಎಂಬ ಉತ್ತರ ಪಡೆಯುವ ಅದರದೇ ಪಿನ್ನಿಗೆ ಬೆಸೆದುಬಿಡುತ್ತಿದ್ದರು. ಅಲ್ಲಿ ಮುದ್ರಿಸುತ್ತಿದ್ದ ಚಿಕ್ಕ ಚೀಟಿಗಳಿಗೆ ಅದು ಸಾಕಾಗಿತ್ತು. ಈ ಕೇಬಲ್ಲನ್ನೂ ಮಾವ ಅದೇ ರೂಢಿಯಲ್ಲಿ ಮಾಡಿದ್ದರು.

"ಕಥೆ ಹೇಳೋವಾಗ ಮಕ್ಳು ಹೂಂ ಅಂದ್ರೆ ತಾನೇ ಮುಂದಿನ್ ಮಾತು?" ಎಂದರು ಮಾವ. "ನಾನು ಇದ್ರ ಕೈಲೇ ಹೂಂ ಅನ್ನಿಸ್ಬಿಟ್ಟಿದೀನಿ. ತಾನೇ ಹೇಳ್ತು, ತಾನೇ ಹೂಂ ಅಂತು. ಆ ಕಡೆಯೋನು ಕೇಳಿಸ್ಕೊಂಡ್ನೋ ಇಲ್ವೋ..."

ನನ್ನ ಮುಖ ನೋಡದೆ ಹೇಳಿದರು. ಅದು ಕೇಬಲ್ಲಿನ ಬಗ್ಗೆ ಮಾತ್ರ ಆಡಿದ ಮಾತೆಂದು ನಂಬಲು ನಾನು ಬಹಳ ಪ್ರಯತ್ನಪಟ್ಟಿದ್ದೇನೆ.

ಆ ಭಾನುವಾರ ಜಗುಲಿ ಖಾಲಿಯಿತ್ತು. ಗೆಳೆಯ ತೀರಿಕೊಂಡು ಒಂಬತ್ತು ದಿನವಾಗಿತ್ತು. "ಇನ್ಯಾಕೆ ಮಾವ ಇದು?" ಎಂದು ಕೇಳಿದೆ.

"ಅವನ್ ಹೆಸ್ರು ಪೂರ್ತಿ ಹೋಗ್ಲಿ" ಎಂದು ಹಳೆಯ ಬೆಸುಗೆ ಬಿಡಿಸಿದರು. ಇನ್ನೆರಡು ತಂತಿ ಎಳೆದರು. ಅವುಗಳ ಮಾತು ಕೇಳುವಂತೆ ಎರಡೂ ಕಡೆ ಹೊಂದಿಸಿದರು. ಕಂಪ್ಯೂಟರ್ ಮೊದಲ ಬಾರಿಗೆ ನಡುನಡುವೆ ನಿಂತು, ಕಾದು, ಮತ್ತೆ ಕಳಿಸಿತು. ಮರುದಿನ ಪತ್ರಿಕಾ ಕಚೇರಿಯಲ್ಲಿ ಎಣಿಸಿದೆ. ಅಲ್ಲಿಂದ ಹೊರಟಷ್ಟು ಸಾಲು ಇಲ್ಲಿಗೆ ಬಂದಿದ್ದವು.

ಅದನ್ನು ಸಲ್ಲಿಸಿದೆ. ಅರ್ಜಿದಾರರು ಮೃತಪಟ್ಟಿರುವುದರಿಂದ ಪ್ರಕರಣ ಮುಕ್ತಾಯಗೊಳಿಸಲಾಗಿದೆ ಎಂಬ ಒಂದು ಸಾಲಿನ ಉತ್ತರ ಬಂತು. ಧೂಳಿನ ಬಗ್ಗೆ ಅದರಲ್ಲಿ ಏನೂ ಇರಲಿಲ್ಲ. ಮರುವರ್ಷ ಮಾವನೂ ಹೋದರು. ಕಂಪ್ಯೂಟರ್ ಮತ್ತೆ ಗುಜರಿ ಗಾಡಿ ಹತ್ತಿತು. ಈ ಬಾರಿ ಇಳಿಸಿಕೊಳ್ಳುವವರಿರಲಿಲ್ಲ. ನಾನು ಅಂದು ಊರಲ್ಲಿರಲಿಲ್ಲ. ಪೂರ್ತಿ ಹಾಜರಿಯ ಒಂದು ಪ್ರತಿ ನನ್ನ ಮೇಜಿನ ಡ್ರಾಯರಿನಲ್ಲಿದೆ. ಯಾರೂ ಕೇಳಿಲ್ಲ.

ಅಂಗಡಿಯವರು ಫೋನ್ ಮುಂದೆ ಚಾಚಿದರು. "ನೋಡ್ಕೊಳ್ಳಿ ಸಾರ್, ಎಲ್ಲಾ ಸರಿ ಇದ್ಯಾ?"

ಹಿಂದೆ ನಿಂತವರು ಅವಸರ ಮಾಡುತ್ತಿದ್ದರು. ನಾನು ಒಂದೊಂದನ್ನೇ ನೋಡುತ್ತ ನಿಂತೆ. ಹೂಂ ಅನ್ನಲು ಬಾಯಿ ಬರಲಿಲ್ಲ.