ಶಿವರಾಯ ಮಾವನ ಎಡಗೈ ಗ್ಲೌಸ್

ನನ್ನ ಮಾವ ಶಿವರಾಯರು ನಿಂಬರ್ಗಾದಲ್ಲಿ ಮೂವತ್ತು ವರ್ಷ ನೀರಿನ ಮೋಟಾರ್ ರಿಪೇರಿ ಮಾಡಿದವರು. ಮೊಣಕಾಲು ಸೋತ ಮೇಲೆ ಬಾವಿ ಇಳಿಯುವುದು ಬಿಟ್ಟರು, ಆದರೆ ಸುಮ್ಮನೆ ಕೂಡುವುದು ಅವರಿಂದ ಆಗಲಿಲ್ಲ. ಫರಸಿ ಕಲ್ಲು ಕೊಯ್ಯುವವರು ಎಸೆದಿದ್ದ ಹಳೆ ಗ್ರೈಂಡರೊಂದನ್ನು ಆಳಂದದ ಗುಜರಿಯಿಂದ ತಂದರು. ಸುಟ್ಟ ವೈಂಡಿಂಗ್ ಹೊಸದಾಗಿ ಸುತ್ತಿ, ಹಿತ್ತಲಿನ ತಗಡಿನ ಕೆಳಗೆ ಬೇವಿನ ದಿಮ್ಮಿಗೆ ಬೋಲ್ಟು ಹಾಕಿ ಕೂಡಿಸಿದರು. ಕಲ್ಲಿನ ಗಾಲಿ ಹೋಗಿ ಬಟ್ಟೆಯ ಗಾಲಿ ಬಂತು. ಅದನ್ನು ಹೊಲಿದದ್ದು ಅತ್ತೆ ಗಂಗಾಬಾಯಿ. ಹಳೆ ಧೋತರ ದುಂಡಗೆ ಕತ್ತರಿಸಿ, ಪದರದ ಮೇಲೆ ಪದರ ಇಟ್ಟು, ಥೇಟ್ ಕೌದಿ ಹೊಲಿದಂತೆ.

ಆ ಗಾಲಿಗೆ ಪಾಲಿಶ್ ಸಾಬೂನು ಒತ್ತಿ, ಕರ್ರಗಾದ ಹಿತ್ತಾಳೆ ಕೊಡ ಹಿಡಿದರೆ ಸ್ವಲ್ಪ ಹೊತ್ತಿಗೆಲ್ಲ ಅದರಲ್ಲಿ ಮುಖ ಕಾಣುತ್ತಿತ್ತು. ಓಣಿಯ ಹೆಂಗಸರು ಕೊಡ, ತಂಬಿಗೆ, ದೀಪ ಹಚ್ಚುವ ಹಿತ್ತಾಳೆ ಸಮೆ ಹೊತ್ತು ತರುತ್ತಿದ್ದರು.

ಸ್ವಿಚ್ ಹಾಕುವ ಮೊದಲು ಮಾವ ಅಂಗಿಯ ತೋಳು ಮೊಣಕೈ ಮೇಲೆ ಮಡಚುತ್ತಿದ್ದರು. ಕೊರಳಿನ ಲಿಂಗದ ದಾರವನ್ನು ಬೆನ್ನಿಗೆ ತಿರುವಿ ಬನಿಯನ್ನಿನೊಳಗೆ ಸಿಗಿಸುತ್ತಿದ್ದರು.

"ಗಾಲಿಗಿ ದೇವರು ದಿಂಡರು ತಿಳ್ಯಂಗಿಲ್ಲ ಯವ್ವಾ" ಅನ್ನುತ್ತಿದ್ದರು.

ನಾನು ಕಲಬುರಗಿಯಲ್ಲಿ ಓದಿದವಳು. ಹೆರಿಗೆಯಾದಾಗಿನಿಂದ ನನಗೆ ಕಂಡದ್ದೆಲ್ಲ ಕೂಸಿಗೆ ಅಪಾಯವೇ. ಮಾವನ ಕೈಯಂತೂ ಉಗುರಿನ ಸಂದಿಯ ತನಕ ಕಪ್ಪು. ಎಂಟು ತಿಂಗಳ ಐಶ್ವರ್ಯಾಳಿಗೆ ಆ ಕೈ ಚಾಚಿದರೆ ನಾನು ಕೂಸನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದೆ. ಮೂರು ಸಲ ತೊಳೆದು ಬಂದರೂ ಕೊಡುತ್ತಿರಲಿಲ್ಲ.

"ಮಾವಾರ, ಅದು ಲೋಹದ ಪುಡಿರಿ. ಕೂಸಿನ ಬಾಯಾಗ ಹೋದ್ರ?"

"ನಿನ್ನ ಗಂಡ ಇದೇ ಕೈಲೆ ಉಂಡು ಬೆಳದಾನ."

"ಅದಕ್ಕ ಹಂಗ ಆಗ್ಯಾನ!" ಎಂದರು ಅತ್ತೆ ಒಳಗಿನಿಂದ.

ಎಲ್ಲರೂ ನಕ್ಕೆವು. ಕೂಸನ್ನು ಮಾತ್ರ ನಾನು ಕೊಡಲಿಲ್ಲ.

ಮರುದಿನ ಆಳಂದಕ್ಕೆ ಹೋದಾಗ ಬಿಳಿ ದಾರದ ಗ್ಲೌಸ್ ಒಂದು ಜೊತೆ ತಂದೆ. ಮಾವ ಹಿಂದೆ ಮುಂದೆ ತಿರುವಿ ನೋಡಿದರು.

"ಬ್ಯಾಡ ಯವ್ವಾ. ಗಾಲೀನೂ ಬಟ್ಟಿ, ಇದೂ ಬಟ್ಟಿ. ಬಟ್ಟಿ ಬಟ್ಟೀನ ಹಿಡೀತದ."

"ಹಂಗಾರ ಕೂಸಿನ್ನ ಮುಟ್ಟಬ್ಯಾಡ್ರಿ."

ನಾನಂದದ್ದು ಅಷ್ಟೇ. ಅವರು ಗ್ಲೌಸನ್ನು ದಿಮ್ಮಿಯ ಮೇಲೆ ಇಟ್ಟರು.

ಗುರುವಾರ ಮುಂಜಾನೆ ಪಕ್ಕದ ಮನೆಯ ಸುಭದ್ರಾಬಾಯಿಯ ಸಮೆ ಹಿಡಿದು ಕೂತರು. ತೋಳು ಮಡಚಿದರು. ದಾರ ಬೆನ್ನಿಗೆ ಹಾಕಿದರು. ಆಮೇಲೆ ನನ್ನ ಕಡೆ ನೋಡಿ ಗ್ಲೌಸ್ ಹಾಕಿಕೊಂಡರು. ಬಾಗಿಲಲ್ಲಿ ಕೂಸನ್ನು ಎತ್ತಿಕೊಂಡು ನಿಂತಿದ್ದ ನನಗೆ, ಹೇಳಲು ಬಾಯಿ ಬರುವುದಿಲ್ಲ, ಸಮಾಧಾನವಾಗಿತ್ತು.

ಗಾಲಿ ಬಲಗೈ ಗ್ಲೌಸಿನ ಒಂದು ಎಳೆ ಹಿಡಿಯಿತು. ಸಮೆ ಹಾರಿ ಗೋಡೆಗೆ ಬಡಿಯಿತು. ಮಾವನಿಗೆ ಕೂಗುವಷ್ಟೂ ಹೊತ್ತು ಸಿಗಲಿಲ್ಲ. ಕಲಬುರಗಿಯ ದವಾಖಾನೆಯಲ್ಲಿ ಮೂರು ಬೆರಳು ತೆಗೆದರು.

ನೋಡಲು ಬಂದವರಿಗೆಲ್ಲ ಮಾವನದು ಒಂದೇ ಮಾತು: "ಹಳೇ ಮಷೀನ್ರಿ, ಕೈ ಕೊಡ್ತು."

"ಕೊಟ್ಟಿಲ್ಲೋ ಯಪ್ಪಾ, ತೊಗೊಂಡದ" ಎಂದು ಸುಭದ್ರಾಬಾಯಿ ಸೆರಗು ಬಾಯಿಗೆ ಒತ್ತಿಕೊಂಡಳು.

ಗ್ಲೌಸಿನ ಹೆಸರನ್ನು ಮಾವ ಮಗನ ಎದುರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಇವತ್ತೇ ಬರೆಯುತ್ತಿದ್ದೇನೆ.

ಪಟ್ಟಿ ಬಿಚ್ಚಿದ ಮೇಲೆ ಆ ಕೈ ಕಂಡರೆ ಐಶ್ವರ್ಯಾ ಚೀರತೊಡಗಿದಳು. ಉಳಿದಿದ್ದ ಎಡಗೈ ಗ್ಲೌಸನ್ನು ಅತ್ತೆ ಒಳಗು ಹೊರಗು ಮಾಡಿದರು. ತಿರುವಿದರೆ ಅದು ಬಲಗೈಗೂ ಆಗುತ್ತದೆ. ಖಾಲಿ ಬೀಳುವ ಮೂರು ಬೆರಳಿಗೆ, ಗಾಲಿ ಹೊಲಿದು ಉಳಿದಿದ್ದ ಧೋತರದ ಚೂರು ತುಂಬಿದರು.

ಈಗ ಮಾವ ಅದನ್ನು ಹಾಕಿಕೊಂಡೇ ಕೂಸಿನ ಹತ್ತಿರ ಬರುತ್ತಾರೆ. ಮಷೀನು ಮುಟ್ಟಿ ಐದು ತಿಂಗಳಾಯಿತು, ಕೈ ಹಾಲಿನಂತೆ ಬೆಳ್ಳಗಿದೆ. ಆದರೂ ಒಂದು ಹೆಜ್ಜೆ ದೂರ ನಿಂತು, ನನ್ನ ಮುಖ ನೋಡಿ ಕೇಳುತ್ತಾರೆ:

"ತೊಳಕೊಂಡು ಬಂದೇನಿ ಯವ್ವಾ. ಎತ್ಕೊಳ್ಳಲೇನು?"