ಪದ್ದತ್ತೆಯ ಗೂಡು ತಿರುಗಿದ್ದು

ಕೊಟ್ಟಿಗೆಹಾರದ ಹೋಟೆಲಿನಲ್ಲಿ ಕೂತು ಘಾಟಿಯ ದೆವ್ವದ ಕತೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಬಿಳಿ ಸೀರೆಯವಳು ಲಾರಿಗೆ ಕೈ ಅಡ್ಡ ಹಿಡಿದಳು ಎಂದು ಒಬ್ಬ ಶುರು ಮಾಡಿದರೆ, ನೀನು ನೋಡಿದೆಯಾ ಎಂದು ಕೇಳುತ್ತಿದ್ದೆ. ಅವನು ನೋಡಿರುವುದಿಲ್ಲ, ಅವನ ಭಾವಮೈದುನನ ಸ್ನೇಹಿತ ನೋಡಿರುತ್ತಾನೆ. ಅಲ್ಲಿಗೆ ಕತೆ ನಿಲ್ಲುತ್ತಿತ್ತು, ಅವನ ಮುಖ ಊದಿಕೊಳ್ಳುತ್ತಿತ್ತು. ಈಗ ನಾನೇ ಅಂಥದೊಂದನ್ನು ಹೇಳಲು ಕೂತಿದ್ದೇನೆ. ಇದರಲ್ಲಿ ಬಿಳಿ ಸೀರೆಯವಳಿಲ್ಲ, ಹೆದರುವಂಥದ್ದೂ ಇಲ್ಲ. ನೆನೆದಾಗಲೆಲ್ಲ ನನಗೆ ಖುಷಿಯೇ ಆಗುತ್ತದೆ. ನೀವು ನಂಬಲೇಬೇಕೆಂದು ನಾನೇನೂ ಹಟ ಹಿಡಿಯುವುದಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ಜಾವಳಿಯ ನಮ್ಮ ಮನೆಯಲ್ಲಿ ಇದ್ದದ್ದು ನಾನು, ನನ್ನ ಹೆಂಡತಿ ಸುಮ ಮತ್ತು ನನ್ನ ತಂದೆಯ ತಂಗಿ ಪದ್ದತ್ತೆ. ಅಮ್ಮ ಬೇಗ ತೀರಿಕೊಂಡಿದ್ದರಿಂದ ನನ್ನನ್ನು ಸಾಕಿದವರು ಅತ್ತೆಯೇ. ಕಾಫಿ ಒಣಗಿಸುವ ಕಣದಲ್ಲಿ ಜಾರಿ ಬಿದ್ದು ಸೊಂಟ ಮುರಿದ ಮೇಲೆ ಅವರು ಹಾಸಿಗೆ ಹಿಡಿದಿದ್ದರು. ಕಾಲು ಸೋತಿತ್ತೇ ಹೊರತು ಬಾಯಿ ಸೋತಿರಲಿಲ್ಲ. ಮಲಗಿದಲ್ಲಿಂದಲೇ ತೋಟವನ್ನೂ ಅಡುಗೆಮನೆಯನ್ನೂ ನನ್ನನ್ನೂ ನಡೆಸುತ್ತಿದ್ದರು. ಅವರಿಗಿದ್ದ ಆಸೆ ಒಂದೇ, ದೇವರಮನೆ ಗುಡ್ಡದ ಮೇಲೆ ಸೂರ್ಯ ಹುಟ್ಟುವುದನ್ನು ನೋಡಬೇಕು. ಗಟ್ಟಿಮುಟ್ಟಾಗಿದ್ದ ಕಾಲದಲ್ಲಿ "ಈ ಕೊಯ್ಲು ಮುಗೀಲಿ, ಹೋಗಣ" ಎಂದು ಪ್ರತಿ ವರ್ಷವೂ ಮುಂದಕ್ಕೆ ಹಾಕಿದ್ದರು. ಈಗ ಜೀಪಿನಲ್ಲಿ ಕೂರಲು ಅವರಿಂದ ಆಗುತ್ತಿರಲಿಲ್ಲ. ಕರೆದೊಯ್ಯುವುದಾದರೆ ಮಲಗಿಸಿಯೇ ಒಯ್ಯಬೇಕು.

"ಹಂಗಾದ್ರೆ ಮಂಚನೇ ಎಳ್ಕೊಂಡು ಹೋಗಿ" ಎಂದವಳು ಸುಮ. ಅವಳು ತಮಾಷೆಗೆ ಅಂದದ್ದು ನನ್ನ ತಲೆ ಹೊಕ್ಕಿತು. ತೋಟಕ್ಕೆ ಔಷಧಿ ಹೊಡೆಯುವ ಡ್ರಮ್ಮು ಸಾಗಿಸುತ್ತಿದ್ದ ಎರಡು ಗಾಲಿಯ ಹಳೆಯ ಟ್ರೈಲರೊಂದು ಶೆಡ್ಡಿನ ಹಿಂದೆ ತುಕ್ಕು ಹಿಡಿಯುತ್ತಿತ್ತು. ಅದರ ಮೇಲೊಂದು ಪುಟ್ಟ ಕೋಣೆ ಕಟ್ಟಿ ಜೀಪಿಗೆ ಸಿಕ್ಕಿಸಿದರಾಯಿತು ಎಂದುಕೊಂಡೆ. ಕೊಟ್ಟಿಗೆಹಾರದಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ಗೆಳೆಯ ಹಮೀದನನ್ನು ಕರೆದೆ. ಅವನು ಅಲ್ಲಿಯವರೆಗೆ ಮಾಡಿದ್ದೆಲ್ಲ ಗೇಟು ಮತ್ತು ಕಿಟಕಿಯ ಗ್ರಿಲ್ಲು. "ಮನೆಗೆ ಗೇಟು ಕೂರಿಸಿದವನಿಗೆ ಗಾಲಿಗೆ ಮನೆ ಕೂರಿಸಕ್ಕೆ ಬರಲ್ವಾ ಮಾರಾಯ್ರೆ?" ಎಂದು ಎದೆ ತಟ್ಟಿಕೊಂಡ.

ಆ ಮಳೆಗಾಲವೆಲ್ಲ ನಮಗೆ ಹಬ್ಬವಾಯಿತು. ಸಿಲ್ವರ್ ಓಕಿನ ಹಲಗೆಯಲ್ಲಿ ಗೋಡೆ, ಮೇಲೆ ತಗಡು, ತಗಡಿನ ಒಳಗೆ ಚಳಿಗೆಂದು ಗೋಣಿಯ ಪದರ. ಹಿಂಬದಿಯ ಗೋಡೆಯ ಬದಲು ಅಗಲಕ್ಕೂ ಎರಡು ಕದ. ಬಾಗಿಲು ತೆರೆದರೆ ದಿಂಬಿನ ಮೇಲೆ ತಲೆಯಿಟ್ಟವರಿಗೆ ಗುಡ್ಡ, ಆಕಾಶ ಎರಡೂ ಕಾಣಬೇಕು ಎಂಬುದು ಅತ್ತೆಯ ಆಜ್ಞೆ. ಹಮೀದ ಗೇಟಿನ ಚಾಳಿ ಬಿಡದೆ ಕಿಟಕಿಗೆ ನವಿಲಿನ ಗ್ರಿಲ್ಲು ಹಾಕಿದ, ಬಾಗಿಲಿಗೆ ಕಿರಣ ಸಮೇತ ಒಬ್ಬ ಕಬ್ಬಿಣದ ಸೂರ್ಯನನ್ನೂ ಬೆಸೆದ. ಪರೀಕ್ಷೆಗೆಂದು ಸುಮ ಒಳಗೆ ಹೋಗಿ ಬಾಗಿಲ ಹತ್ತಿರ ಕೂತದ್ದೇ ತಡ, ಟ್ರೈಲರಿನ ಮೂತಿ ಮೇಲೆದ್ದು ಅವಳೂ ಸೀಮೆಎಣ್ಣೆ ಸ್ಟೌವೂ ಒಟ್ಟಿಗೆ ಅಂಗಳಕ್ಕೆ ಜಾರಿದರು. ಜಗಲಿಯಲ್ಲಿ ಮಲಗಿದ್ದ ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಸೊಂಟ ಮುರಿದ ಮೇಲೆ ಅವರು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಆಮೇಲೆ ಹಮೀದ ನಾಲ್ಕು ಮೂಲೆಗೂ ತಿರುಪು ಹಾಕಿ ಇಳಿಸುವ ಕಬ್ಬಿಣದ ಕಾಲು ಕೊಟ್ಟ. ಊರಿನವರು ಇದೇನು ಜೇನುಪೆಟ್ಟಿಗೆಯೋ ಕೋಳಿಗೂಡೋ ಎಂದು ಕೇಳಿದರು. ಅತ್ತೆಗೆ ಆ ಮಾತು ಹಿಡಿಸಿ, ಗೂಡು ಎಂದೇ ಹೆಸರಿಟ್ಟರು.

ಅರೇಬಿಕಾ ಕಾಫಿಯ ಕೊಯ್ಲು ಮುಗಿದ ಕೂಡಲೇ ಒಂದು ಮಧ್ಯಾಹ್ನ, ರಾತ್ರಿ ಗುಡ್ಡದ ಮೇಲೆ ತಂಗುವ ಲೆಕ್ಕದಲ್ಲಿ ಹೊರಟೆವು. ತಾನು ಮಾಡಿದ್ದು ಓಡುವುದನ್ನು ನೋಡಬೇಕೆಂದು ಹಮೀದನೂ ಬಂದ. ಅತ್ತೆ ಟ್ರಂಕಿನಿಂದ ರೇಷ್ಮೆ ಸೀರೆ ತೆಗೆಸಿ ಉಟ್ಟಿದ್ದರು. ಗೂಡಿನಲ್ಲಿ ಅವರ ಪಕ್ಕ ಸುಮ ಕೂತಳು. ನಾನು ಆಮೆಯ ಹಾಗೆ ಜೀಪು ಓಡಿಸುತ್ತಿದ್ದರೆ, ಹಿಂದೆ ಅತ್ತೆ ನವಿಲಿನ ಸಂದಿಯಿಂದ ದಾರಿಯವರಿಗೆಲ್ಲ ಕೈಬೀಸುತ್ತ ಬಂದರು.

ದೇವರಮನೆಯ ದೇವಸ್ಥಾನ ದಾಟಿ ಹುಲ್ಲುಗಾವಲಿಗೆ ಬರುವಾಗ ಮಂಜು ಇಳಿದಿತ್ತು. ಗುಡ್ಡ ಯಾವುದು, ಕಣಿವೆ ಯಾವುದು ತಿಳಿಯದು. ತಪ್ಪಾದದ್ದು ಇಲ್ಲೇ. ನಮ್ಮ ಕಡೆ ಮನೆಯಾಗಲಿ ಕೊಟ್ಟಿಗೆಯಾಗಲಿ ಗಾಳಿಗೆ ಬೆನ್ನು ಮಾಡಿ ಕಟ್ಟುತ್ತಾರೆ. ಮಳೆಗಾಳಿ ಪಡುವಣದಿಂದ ಬರುವುದರಿಂದ, ಗಾಳಿಗೆ ಬೆನ್ನು ಎಂದರೆ ಮೂಡಣಕ್ಕೆ ಬಾಗಿಲು. ಇದು ನಮ್ಮ ಮೈಗೆ ಹತ್ತಿದ ಲೆಕ್ಕ. ನಾನೂ ಹಮೀದನೂ ಕೆನ್ನೆಗೆ ಗಾಳಿ ತಾಗಿಸಿಕೊಂಡು, ಬಲು ಜಾಣರಂತೆ ತಲೆಯಾಡಿಸಿ, ಬಾಗಿಲು ಗಾಳಿಯ ಆಚೆ ಬದಿಗೆ ಬರುವಂತೆ ಗೂಡನ್ನು ನಿಲ್ಲಿಸಿದೆವು. ಗಾಲಿಗೆ ಕಲ್ಲು ಕೊಟ್ಟು, ಕಾಲುಗಳನ್ನು ತಿರುಪಿ ಊರಿ, ಜೀಪನ್ನು ಬಿಚ್ಚಿಕೊಂಡು ದೂರ ನಿಲ್ಲಿಸಿದೆವು. ಕೊಯ್ಲಿನ ಕಾಲದಲ್ಲಿ ಗಾಳಿ ಮೂಡಣದಿಂದ ಬೀಸುತ್ತದೆ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಕಾಫಿ ಕುಡಿಯುತ್ತಿರುವಾಗ ಮಂಜು ಒಂದು ಗಳಿಗೆ ಹರಿಯಿತು. ಬಾಗಿಲ ಎದುರಿಗೇ ಕೆಂಪಗೆ ಸೂರ್ಯ ಮುಳುಗುತ್ತಿದ್ದ. ಅತ್ತೆ ಕೇಳಿದರು, "ಇಲ್ಲಿ ಮುಳುಗಿದವ ನಾಳೆ ಇಲ್ಲೇ ಹುಟ್ತಾನಾ ಮಾರಾಯ?"

ನಗುತ್ತಲೇ ಕೇಳಿದರು, ಆದರೆ ಅವರ ಮುಖ ಬಾಡಿದ್ದು ನನಗೆ ಕಾಣಿಸಿತು. ಆ ಮಂಜಿನಲ್ಲಿ, ಕಣಿವೆಯ ಅಂಚಿನಲ್ಲಿ, ಅವರನ್ನು ಒಳಗಿಟ್ಟುಕೊಂಡು ಮತ್ತೆ ಜೀಪು ಕಟ್ಟಲು ಧೈರ್ಯ ಬರಲಿಲ್ಲ. ಬೆಳಕು ಹರಿಯುವ ಮೊದಲೇ ಎದ್ದು ತಿರುಗಿಸುತ್ತೇವೆ ಎಂದು ಮಾತು ಕೊಟ್ಟೆ. "ಏಳೋ ಗಿರಾಕಿಗಳಾ ನೀವು!" ಎಂದರು. ಅಕ್ಕಿರೊಟ್ಟಿ ತಿಂದು ಅತ್ತೆ, ಸುಮ ಗೂಡಿನಲ್ಲಿ ಮಲಗಿದರು. ನಾವಿಬ್ಬರು ಜೀಪಿನಲ್ಲಿ ಮುದುಡಿಕೊಂಡೆವು.

ಅತ್ತೆ ಹೇಳಿದ್ದೇ ಆಯಿತು. ಎಚ್ಚರವಾದಾಗ ಜೀಪಿನ ಗಾಜಿನ ಮೇಲೆ ಬೆಳಕಿತ್ತು. ಹಮೀದನನ್ನು ಗುದ್ದಿ ಎಬ್ಬಿಸಿ, ಚಪ್ಪಲಿಯನ್ನೂ ಮೆಟ್ಟದೆ ಓಡಿದೆ. ಓಡಿದವನು ಗೂಡಿನ ಹತ್ತಿರ ಹಾಗೇ ನಿಂತೆ.

ಗೂಡು ಪೂರ್ತಿ ತಿರುಗಿ ನಿಂತಿತ್ತು. ಬಾಗಿಲು ತೆರೆದಿತ್ತು. ಗುಡ್ಡಗಳ ಸಾಲಿನ ಮೇಲೆ ಆಗತಾನೇ ಹುಟ್ಟಿದ ಸೂರ್ಯನ ಬೆಳಕು ಅತ್ತೆಯ ಮುಖಕ್ಕೆ, ರೇಷ್ಮೆ ಸೀರೆಗೆ, ಹಾಸಿಗೆಗೆಲ್ಲ ಬಿದ್ದಿತ್ತು. ಅವರು ಕೈ ಮುಗಿದುಕೊಂಡು ಚಿಕ್ಕ ಮಗುವಿನಂತೆ ನಗುತ್ತಿದ್ದರು. ನನಗೆ ಅಳು ಬಂತು. ಆ ಗಳಿಗೆಯಲ್ಲಿ ಇದು ಹೇಗಾಯಿತು ಎಂಬ ಪ್ರಶ್ನೆಯೇ ಏಳಲಿಲ್ಲ.

ಪ್ರಶ್ನೆ ಎದ್ದದ್ದು ಅತ್ತೆ "ಹಮೀದಂಗೆ ಮೊದಲು ಕಾಫಿ ಕೊಡು ಸುಮ, ಎಷ್ಟು ಮೆತ್ತಗೆ ತಿರುಗಿಸಿದ್ರು ಪಾಪ" ಎಂದಾಗ. ನಾನು ಹಮೀದನ ಮುಖ ನೋಡಿದೆ, ಅವನು ನನ್ನ ಮುಖ ನೋಡಿದ. "ನೀವಲ್ವಾ?" ಎಂದ. ಸುಮಳಿಗೆ ಎಚ್ಚರವಾದದ್ದು ಕದದ ಸಂದಿಯಿಂದ ಬೆಳಕು ಬಂದಾಗ. ಬಾಗಿಲು ತೆರೆದದ್ದಷ್ಟೇ ಅವಳ ಕೆಲಸ. ಅತ್ತೆ ಹೇಳಿದ್ದು ಇಷ್ಟು. ಬೆಳಗಿನ ಜಾವ ತೊಟ್ಟಿಲು ತೂಗಿದ ಹಾಗಾಯಿತು. ಹೊರಗಿನಿಂದ ಯಾರೋ "ಸಾಕಾ?" ಎಂದು ಕೇಳಿದರು.

"ಇನ್ನೂ ಚೂರು ಅಂದೆ. ಇನ್ನೂ ಚೂರು ತಿರುಗ್ತು. ಈಗ ಸಾಕು ಅಂದೆ. ನೀವೇ ಅಂದ್ಕೊಂಡೆ."

ಹಮೀದ ಅಲ್ಲಾಹನ ಆಣೆ ಹಾಕಿದ, ನಾನು ದೇವಸ್ಥಾನದ ಕಡೆ ಕೈ ತೋರಿಸಿ ಆಣೆ ಹಾಕಿದೆ. ಇಬ್ಬರೂ ಸೇರಿ ಗೂಡನ್ನು ನೂಕಿ ನೋಡಿದೆವು, ಅಲುಗಲಿಲ್ಲ. ಕಾಲುಗಳು ಊರಿದ್ದ ಹಾಗೆಯೇ ಬಿಗಿಯಾಗಿದ್ದವು, ಗಾಲಿಗೆ ಕೊಟ್ಟ ಕಲ್ಲುಗಳೂ ಗಾಲಿಯ ಕೆಳಗೇ ಇದ್ದವು. ಸಂಜೆ ಕಾಲು ಊರಿದ್ದ ಗುಳಿಗಳು ಹುಲ್ಲಿನಲ್ಲಿ ಆಚೆ ಬೇರೆ ಜಾಗದಲ್ಲಿ ಕಾಣುತ್ತಿದ್ದವು. ಸುತ್ತಲಿನ ಹುಲ್ಲಿನ ಮೇಲೆ ಇಬ್ಬನಿ ಕೆಡದೆ ಕೂತಿತ್ತು. ಕೆಟ್ಟದ್ದು ನಾವು ಓಡಿ ಬಂದ ದಾರಿಯಲ್ಲಿ ಮಾತ್ರ. ಗಾಳಿಯೋ, ಇಳಿಜಾರೋ, ಯಾರ ಕುಚೇಷ್ಟೆಯೋ ಎಂದು ನಾನು ಮಾಡಿದ ಊಹೆಗಳೆಲ್ಲ ಆ ಇಬ್ಬನಿಯ ಮುಂದೆ ಬಿದ್ದುಹೋಗುತ್ತವೆ.

ಆಮೇಲೆ ಅತ್ತೆಯನ್ನು ನೋಡಿಕೊಳ್ಳಲು ಒಬ್ಬರನ್ನು ಬಿಟ್ಟು, ನಾನೂ ಸುಮಳೂ ಜೀಪಿಗೆ ಗೂಡು ಕಟ್ಟಿಕೊಂಡು ಕಳಸದ ಕಡೆಗೆಲ್ಲ ತಿರುಗಿದೆವು. ಹೋದಲ್ಲೆಲ್ಲ ನಾನು ಬೇಕೆಂದೇ ಬಾಗಿಲನ್ನು ಪಡುವಣಕ್ಕೆ ಇಟ್ಟು, ಕಿವಿ ನಿಮಿರಿಸಿಕೊಂಡು ಮಲಗುತ್ತಿದ್ದೆ. ಯಾರೂ ಏನೂ ಕೇಳಲಿಲ್ಲ, ಗೂಡು ಒಂದು ಬೆರಳಷ್ಟೂ ಕದಲಲಿಲ್ಲ. ಒಮ್ಮೆ ಮನೆಗೆ ಬಂದು ಇದನ್ನು ಅತ್ತೆಯ ಹತ್ತಿರ ದೂರಿಕೊಂಡೆ. ಅವರು ದಿಂಬಿನಿಂದ ತಲೆಯೆತ್ತಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನಿಂಗೆ ಕಾಲಿದೆಯಲ್ಲ ಮಾರಾಯ, ಎದ್ದು ಹೊರಗೆ ಹೋಗಿ ಸೂರ್ಯನ್ನ ನೋಡು" ಎಂದರು.